ಮಕ್ಕಳ ವಾರ್ಡಿಗೆ ಕಂಪ್ಯೂಟರ್ ದಾನ: ಒಂದು ಖಂಡನೆ

ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಕಂಪ್ಯೂಟರ್ ಅಥವಾ ಟ್ಯಾಬ್ಲೆಟ್ ಕೊಡುವುದು ಇಂದು ಬಹು ಮೆಚ್ಚುಗೆ ಗಳಿಸುವ ದಾನಗಳಲ್ಲೊಂದು. ಹಾಸಿಗೆ ಹಿಡಿದ ಮಗುವಿಗೆ ಹೊತ್ತು ಹೋಗುತ್ತದೆ, ನೋವು ಮರೆಯುತ್ತದೆ, ತಪ್ಪಿದ ಪಾಠವೂ ದಕ್ಕುತ್ತದೆ ಎಂಬುದು ಇದರ ಹಿಂದಿರುವ ವಾದ. ಮನರಂಜನೆ, ಶಿಕ್ಷಣ ಎರಡೂ ಒಂದೇ ಯಂತ್ರದಲ್ಲಿ ಬರುವುದರಿಂದ ದಾನಿಗೂ ಸಮಾಧಾನ, ಆಸ್ಪತ್ರೆಗೂ ಸಮಾಧಾನ. ಈ ವಾದವನ್ನು ಯಾರೂ ಪ್ರಶ್ನಿಸುವುದಿಲ್ಲ. ಕಾಯಿಲೆಯ ಮಗುವಿಗೆ ಕೊಟ್ಟದ್ದನ್ನು ಬೇಡವೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಪರಿಶೀಲಿಸಿ ನೋಡಿದರೆ ಅದರ ಎರಡು ಆಧಾರಗಳೂ ಸಡಿಲ. ವಾರ್ಡಿನಲ್ಲಿ ಆಟವಾಗಲಿ ಪಾಠವಾಗಲಿ ನಡೆಯುವುದು ಅದಕ್ಕೆಂದೇ ನೇಮಕವಾದ ಒಬ್ಬ ಮನುಷ್ಯನಿಂದ. ಆ ಮನುಷ್ಯನಿಲ್ಲದ ಕಡೆ ಕಂಪ್ಯೂಟರ್ ಈ ಎರಡನ್ನೂ ಮಾಡುವುದಿಲ್ಲ. ಮಾಡಿದಂತೆ ತೋರಿಸಿ ಆತನ ನೇಮಕವನ್ನು ಮುಂದೂಡಲು ನೆಪವಾಗುತ್ತದೆ.

ಈ ದಾನಕ್ಕೆ ಎರಡು ಮೂಲಗಳಿವೆ. ಒಂದು ಅಮೆರಿಕದ್ದು. ಅಲ್ಲಿ 1995ರಲ್ಲಿ ಚಲನಚಿತ್ರ ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್ ಅವರ ಮುಂದಾಳತ್ವದಲ್ಲಿ ಸ್ಟಾರ್‌ಬ್ರೈಟ್ ವರ್ಲ್ಡ್ ಎಂಬ ಜಾಲ ಆರಂಭವಾಯಿತು. ಬೇರೆ ಬೇರೆ ಆಸ್ಪತ್ರೆಗಳಲ್ಲಿದ್ದ ಮಕ್ಕಳು ಕಂಪ್ಯೂಟರ್ ಮೂಲಕ ಪರಸ್ಪರ ಮಾತಾಡುವುದು, ಆಡುವುದು ಅದರ ಉದ್ದೇಶವಾಗಿತ್ತು. 2003ರಲ್ಲಿ ವಿಡಿಯೊ ಗೇಮ್ ಆಡುವವರ ದೇಣಿಗೆಯಿಂದ ಚೈಲ್ಡ್ಸ್ ಪ್ಲೇ ಎಂಬ ದತ್ತಿ ಸಂಸ್ಥೆ ಹುಟ್ಟಿ ಮಕ್ಕಳ ಆಸ್ಪತ್ರೆಗಳಿಗೆ ಆಟಿಕೆ, ಗೇಮ್ ಯಂತ್ರಗಳನ್ನು ಕೊಡತೊಡಗಿತು. ಎರಡನೆಯ ಮೂಲ ಕರ್ನಾಟಕದ್ದೇ. ಇನ್ಫೋಸಿಸ್ ತನ್ನ ಬಳಸಿದ ಕಂಪ್ಯೂಟರ್‌ಗಳನ್ನು ಶಾಲೆಗಳಿಗೆ ಕೊಡುವ ಕಾರ್ಯಕ್ರಮವನ್ನು 1999ರಲ್ಲಿ ಆರಂಭಿಸಿತು. 2001ರಲ್ಲಿ ರಾಜ್ಯ ಸರ್ಕಾರ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್‌ನಿಂದ ಜಾರಿಗೆ ಬಂದು, ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿ.ಎಸ್.ಆರ್.) ವೆಚ್ಚ ಮಾಡಬೇಕಾಯಿತು. ಶಾಲೆಗೆ ಹೊಂದುವ ದಾನ ಆಸ್ಪತ್ರೆಗೂ ಹೊಂದುತ್ತದೆ ಎಂಬ ಎಣಿಕೆ ಅಲ್ಲಿಂದ ಮುಂದೆ ಸಲೀಸಾಯಿತು.

ಅಮೆರಿಕದ ಮಾದರಿಯನ್ನು ತೋರಿಸುವವರು ಅದರ ಅರ್ಧವನ್ನಷ್ಟೇ ತೋರಿಸುತ್ತಾರೆ. ಅಲ್ಲಿನ ಮಕ್ಕಳ ಆಸ್ಪತ್ರೆಗಳಲ್ಲಿ ಮಗುವಿನ ಆಟ, ಭಯ, ಕಲಿಕೆಗಳನ್ನು ನೋಡಿಕೊಳ್ಳಲು ಚೈಲ್ಡ್ ಲೈಫ್ ಎಂಬ ಪ್ರತ್ಯೇಕ ವೃತ್ತಿಯೇ ಇದೆ. ಎಮ್ಮಾ ಪ್ಲ್ಯಾಂಕ್ 1955ರಲ್ಲಿ ಕ್ಲೀವ್‌ಲ್ಯಾಂಡ್‌ನ ನಗರ ಆಸ್ಪತ್ರೆಯಲ್ಲಿ ಇಂಥ ವಿಭಾಗ ಕಟ್ಟಿದರು. ಗೇಮ್ ಯಂತ್ರ ಅಲ್ಲಿಗೆ ಬಂದದ್ದು ಅದಾಗಿ ದಶಕಗಳ ಮೇಲೆ. ಯಂತ್ರ ಬರುವಷ್ಟರಲ್ಲಿ ಅದನ್ನು ಯಾವ ಮಗುವಿಗೆ, ಯಾವಾಗ, ಎಷ್ಟು ಹೊತ್ತು ಕೊಡಬೇಕೆಂದು ಬಲ್ಲವರು ವಾರ್ಡಿನಲ್ಲಿದ್ದರು. ಚೈಲ್ಡ್ಸ್ ಪ್ಲೇ ಸಂಸ್ಥೆಯೇ ಮುಂದೆ ಯಂತ್ರ ಕೊಡುವುದಷ್ಟಕ್ಕೆ ನಿಲ್ಲದೆ, ಅವುಗಳನ್ನು ನೋಡಿಕೊಳ್ಳುವ ಸಿಬ್ಬಂದಿಯ ಸಂಬಳಕ್ಕೂ ಹಣ ಕೊಡಲು ಶುರುಮಾಡಿತು. ಆ ವೃತ್ತಿಯನ್ನು ಬಿಟ್ಟು ಯಂತ್ರವನ್ನಷ್ಟೇ ಇಲ್ಲಿಗೆ ತರುವುದು ಒಲೆಯಿಲ್ಲದ ಮನೆಗೆ ಕುಕ್ಕರ್ ಉಡುಗೊರೆ ಕೊಟ್ಟಂತೆ.

ದಾನ ಯಾರಿಗೆ ಸಲ್ಲಬೇಕೋ ಆ ಮಗುವಿನಿಂದ ಲೆಕ್ಕ ಹಿಡಿಯಬೇಕು. ಉದಾಹರಣೆಗೆ, ಕಲಬುರಗಿ ಜಿಲ್ಲೆಯಲ್ಲಿ ಮಹಾರಾಷ್ಟ್ರದ ಗಡಿಗೆ ಹತ್ತಿದ ಹಿರೋಳ್ಳಿ ಗ್ರಾಮದ ಮಗುವಿಗೆ ಜಡ್ಡು ಬಿದ್ದರೆ ಮೊದಲು ಕಾಣುವ ದೊಡ್ಡ ಸರ್ಕಾರಿ ದವಾಖಾನೆ ಆಳಂದದ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಇನ್ನೂ ಸುಮಾರು 40 ಕಿ.ಮೀ. ಆಚೆ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್. ಗಡಿ ಭಾಗದ ಅನೇಕರಿಗೆ ಸೊಲ್ಲಾಪುರವೂ ದೂರವಲ್ಲ. ಕ್ಯಾನ್ಸರ್, ಹೃದಯದ ತೊಂದರೆಗಳಿಗೆ ಕಲಬುರಗಿಯಲ್ಲಿ ಕಿದ್ವಾಯಿ, ಜಯದೇವ ಸಂಸ್ಥೆಗಳ ಶಾಖೆಗಳಿದ್ದರೂ ಸಂಕೀರ್ಣ ಚಿಕಿತ್ಸೆಗೆ ಸುಮಾರು 600 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಕ್ಕಳ ದಾರಿಯೂ ಹೆಚ್ಚು ಕಡಿಮೆ ಇದೇ. ಜೊತೆಗೆ ಹೋಗುವವಳು ಸಾಮಾನ್ಯವಾಗಿ ತಾಯಿ. ತೊಗರಿ ರಾಶಿಯ ದಿನಗಳಾದರೆ ಅವಳ ಕೂಲಿಯೂ ಹೋಯಿತು.

ಈ ಮಕ್ಕಳ ಆಸ್ಪತ್ರೆವಾಸ ಒಂದೇ ಬಗೆಯದಲ್ಲ. ಮೊದಲನೆಯದು ಅಲ್ಪಕಾಲದ್ದು: ಡೆಂಗಿ, ನ್ಯುಮೋನಿಯಾ, ವಾಂತಿಭೇದಿ, ಹಾವು ಕಡಿತ. ಮೂರರಿಂದ ಏಳೆಂಟು ದಿನ. ಎರಡನೆಯದು ಮರುಕಳಿಸುವಂಥದು. ತೀವ್ರ ಥಲಸೇಮಿಯಾ ಇರುವ ಮಗುವಿಗೆ 2ರಿಂದ 4 ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಅಂದರೆ ವರ್ಷಕ್ಕೆ ಕನಿಷ್ಠ 13 ಬಾರಿ ಕಲಬುರಗಿಗೋ ಸೊಲ್ಲಾಪುರಕ್ಕೋ ಪ್ರಯಾಣ, ಪ್ರತಿ ಬಾರಿಯೂ ಶಾಲೆಗೆ ಒಂದೆರಡು ದಿನ ಗೈರು. ಮೂರನೆಯದು ದೀರ್ಘಕಾಲದ್ದು. ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಎರಡರಿಂದ ಮೂರು ವರ್ಷದ ಚಿಕಿತ್ಸೆ ಬೇಕು. ಮೊದಲ ತಿಂಗಳುಗಳು ಬಹುಪಾಲು ಆಸ್ಪತ್ರೆಯಲ್ಲಿ ಇಲ್ಲವೇ ಆಸ್ಪತ್ರೆಯ ಸುತ್ತಮುತ್ತಲೇ ಕಳೆಯುತ್ತವೆ. ನಾಲ್ಕನೆಯದು ಪೌಷ್ಟಿಕ ಪುನಶ್ಚೇತನ ಕೇಂದ್ರ. ತೀವ್ರ ಅಪೌಷ್ಟಿಕತೆಯ, ಐದು ವರ್ಷದೊಳಗಿನ ಮಕ್ಕಳನ್ನು ತಾಯಿಯೊಡನೆ ಸುಮಾರು 14 ದಿನ ಇಟ್ಟುಕೊಂಡು ಉಪಚರಿಸುವ ಜಾಗ ಅದು. ಕಂಪ್ಯೂಟರ್ ದಾನದ ವಾದ ಈ ನಾಲ್ವರನ್ನೂ ‘ಆಸ್ಪತ್ರೆಯ ಮಗು’ ಎಂಬ ಒಂದೇ ಹೆಸರಿನಡಿ ತರುತ್ತದೆ. ಅದರ ಮೊದಲ ತಪ್ಪು ಇದೇ.

ಮನರಂಜನೆಯ ಮಾತನ್ನು ಮೊದಲು ತೆಗೆದುಕೊಳ್ಳಬಹುದು. ಇದರಲ್ಲಿ ಒಂದಂಶ ನಿಜ. ಸೂಜಿ ಚುಚ್ಚುವಾಗ, ಸುಟ್ಟ ಗಾಯಕ್ಕೆ ಡ್ರೆಸಿಂಗ್ ಮಾಡುವಾಗ, ಆಪರೇಷನ್‌ಗೆ ಒಳಗೆ ಕರೆದೊಯ್ಯುವಾಗ ಪರದೆಯ ಮೇಲಿನ ಆಟ ಮಗುವಿನ ಗಮನ ಸೆಳೆದು ನೋವು, ಭಯಗಳನ್ನು ತಗ್ಗಿಸುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರವಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಸುಟ್ಟ ಗಾಯದ ರೋಗಿಗಳಿಗಾಗಿ ರೂಪಿಸಿದ ‘ಸ್ನೋವರ್ಲ್ಡ್’ ಎಂಬ ಹಿಮಲೋಕದ ಆಟ ಇದಕ್ಕೆ ಹೆಸರಾಂತ ಉದಾಹರಣೆ. ಆದರೆ ಇದು ಹತ್ತು ನಿಮಿಷದ, ಇಪ್ಪತ್ತು ನಿಮಿಷದ ಉಪಯೋಗ. ನರ್ಸ್ ಕೈಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ಪಡೆಯುವ ಒಂದು ಟ್ಯಾಬ್ಲೆಟ್ ಅದಕ್ಕೆ ಸಾಕು. ಅದನ್ನು ತೋರಿಸಿ ವಾರ್ಡಿನ ಮೂಲೆಯಲ್ಲಿ ದಿನವಿಡೀ ಉರಿಯುವ ಸಾಲು ಪರದೆಗಳನ್ನು ಸಮರ್ಥಿಸಲಾಗದು.

ದಿನವಿಡೀ ಪರದೆ ನೋಡುವುದರ ಬಗ್ಗೆ ವೈದ್ಯರ ಮಾತು ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ. ಭಾರತೀಯ ಮಕ್ಕಳ ತಜ್ಞರ ಸಂಘ ಎರಡು ವರ್ಷದೊಳಗೆ ಪರದೆ ಬೇಡ, ಐದರವರೆಗೆ ಗರಿಷ್ಠ ಒಂದು ಗಂಟೆ, ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ ಎಂದು ಮಿತಿ ಹಾಕಿದೆ. ಹೊರರೋಗಿ ವಿಭಾಗದಲ್ಲಿ ‘ಮಗುವಿನ ಕೈಗೆ ಮೊಬೈಲ್ ಕೊಡಬೇಡಿ’ ಎಂದು ತಾಯಿಗೆ ಬುದ್ಧಿ ಹೇಳಿ, ಅದೇ ಮಗು ಒಳರೋಗಿಯಾದ ಕೂಡಲೇ ಅದನ್ನು ಪರದೆಯ ಮುಂದೆ ಕೂರಿಸುವುದು ವೈದ್ಯಕೀಯ ವಿವೇಕಕ್ಕೆ ಹೊಂದುವುದಿಲ್ಲ. ಪುನಶ್ಚೇತನ ಕೇಂದ್ರದ ಮಕ್ಕಳಂತೂ ವಯಸ್ಸಿನ ಲೆಕ್ಕದಲ್ಲೇ ಬಹುಮಟ್ಟಿಗೆ ಈ ದಾನದ ಹೊರಗಿದ್ದಾರೆ.

ಆ ಕೇಂದ್ರದ ಮಕ್ಕಳಿಗೆ ಏನು ಬೇಕೆಂಬುದು ಬಹಳ ಹಿಂದೆಯೇ ಇತ್ಯರ್ಥವಾದ ವಿಷಯ. ತೀವ್ರ ಅಪೌಷ್ಟಿಕತೆಯ ಉಪಚಾರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ಹತ್ತು ಹಂತಗಳಲ್ಲಿ ಒಂಬತ್ತನೆಯದು ಆಟ ಮತ್ತು ಮಮತೆ: ದಿನಕ್ಕೆ 15ರಿಂದ 30 ನಿಮಿಷ, ಒಬ್ಬರು ಮಗುವಿನ ಜೊತೆ ಕುಳಿತು ಆಡಿಸಬೇಕು, ತಾಯಿಗೂ ಕಲಿಸಬೇಕು. ಬೇಕಾಗುವ ಆಟಿಕೆಗಳ ಪಟ್ಟಿಯನ್ನೂ ಆ ಕೈಪಿಡಿ ಕೊಡುತ್ತದೆ. ದಾರಕ್ಕೆ ಕಟ್ಟಿದ ಬಳೆ, ಗಿಲಕಿ, ಒಂದರ ಮೇಲೊಂದು ಪೇರಿಸುವ ಕತ್ತರಿಸಿದ ಬಾಟಲಿ, ಬಟ್ಟೆಯ ಗೊಂಬೆ, ಡಬ್ಬಿಯ ಡೋಲು, ರಟ್ಟಿನ ಪುಸ್ತಕ. ಎಲ್ಲವೂ ಮನೆಯಲ್ಲಿ ಬಿಸಾಡುವ ಸಾಮಾನಿನಿಂದ ಆಗುವಂಥವು. ಮಗು ಬಳೆಯನ್ನು ಹಾಸಿಗೆಯಿಂದ ಕೆಳಗೆ ಎಸೆಯುತ್ತದೆ, ದಾರ ಹಿಡಿದು ಮೇಲಕ್ಕೆಳೆಯುತ್ತದೆ, ಎದುರಿಗಿದ್ದವರು ‘ಬಂತು, ಹೋಯಿತು’ ಎನ್ನುತ್ತಾರೆ. ಕೈ, ಕಣ್ಣು, ಮಾತು ಮೂರಕ್ಕೂ ಅಲ್ಲೇ ಪಾಠ. ಜಮೈಕಾದಲ್ಲಿ ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಮತ್ತು ಸಂಗಡಿಗರು ತೀವ್ರ ಅಪೌಷ್ಟಿಕತೆಯಿಂದ ಆಸ್ಪತ್ರೆ ಸೇರಿದ ಮಕ್ಕಳಿಗೆ ಇಂಥ ಆಟವನ್ನು ಮೊದಲು ವಾರ್ಡಿನಲ್ಲಿ, ಆಮೇಲೆ ಮನೆ ಮನೆಗೆ ಹೋಗಿ ಮೂರು ವರ್ಷ ಆಡಿಸಿದರು. ಆಟದ ನೆರವು ಸಿಗದ ಅಂಥವೇ ಮಕ್ಕಳಿಗಿಂತ ಇವರು ಬುದ್ಧಿಶಕ್ತಿಯಲ್ಲಿ ಮುಂದಿದ್ದುದು 14 ವರ್ಷಗಳ ನಂತರವೂ ಕಂಡಿತು. ಆಡಿಸಿದವರು ಅಲ್ಪ ತರಬೇತಿ ಪಡೆದ ಸ್ಥಳೀಯ ಆರೋಗ್ಯ ಸಹಾಯಕಿಯರು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಲೆಕ್ಕ ಹಾಕಿದ ರಾಜ್ಯಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇರೆ ಬೇಕಿಲ್ಲ.

ಉಳಿದ ಮಕ್ಕಳ ವಿಷಯದಲ್ಲೂ ಆಸ್ಪತ್ರೆಯ ದುಃಖದ ಬೇರು ಬೇಸರದಲ್ಲಿಲ್ಲ, ಒಂಟಿತನದಲ್ಲಿದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಬ್ರಿಟನ್ನಿನ ಜೇಮ್ಸ್ ರಾಬರ್ಟ್‌ಸನ್. ಆಸ್ಪತ್ರೆ ಸೇರಿದ ಎರಡು ವರ್ಷದ ಹೆಣ್ಣುಮಗು ತಾಯಿಯಿಲ್ಲದೆ ದಿನದಿನಕ್ಕೆ ಹೇಗೆ ಮುದುಡಿಹೋಗುತ್ತದೆ ಎಂಬುದನ್ನು ಅವರು 1952ರ ತಮ್ಮ ಚಲನಚಿತ್ರದಲ್ಲಿ ತೋರಿಸಿದರು. ವೈದ್ಯರು ಮೊದಲು ಸಿಟ್ಟಾದರು, ಆಮೇಲೆ ಒಪ್ಪಿದರು. 1959ರ ಪ್ಲ್ಯಾಟ್ ಸಮಿತಿ ತಂದೆತಾಯಿಗಳಿಗೆ ಭೇಟಿಯ ನಿರ್ಬಂಧ ಇರಕೂಡದು, ಆಟ ಮತ್ತು ಓದಿಗೆ ಏರ್ಪಾಡಿರಬೇಕು ಎಂದಿತು. 1988ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಸಿದ್ಧವಾದ, ಆಸ್ಪತ್ರೆಯ ಮಕ್ಕಳ ಹಕ್ಕುಗಳ ಸನ್ನದು ಅದಕ್ಕೇ ಹತ್ತು ಅಂಶಗಳ ರೂಪ ಕೊಟ್ಟಿತು. ಆಟ, ಶಿಕ್ಷಣಗಳನ್ನು ಹೇಳುವ ಅದರ ಏಳನೇ ಅಂಶ ಕಟ್ಟಡ, ಪೀಠೋಪಕರಣ, ಸಿಬ್ಬಂದಿ, ಸಲಕರಣೆ ನಾಲ್ಕನ್ನೂ ಒಟ್ಟಿಗೇ ಕೇಳುತ್ತದೆ. ಸಲಕರಣೆಯೊಂದನ್ನೇ ಕೊಟ್ಟು ಕರ್ತವ್ಯ ಮುಗಿಯಿತೆನ್ನುವುದು ಆ ಅಂಶದ ಕಾಲುಭಾಗವನ್ನು ಪೂರ್ತಿಯೆಂದು ಓದಿದ ಹಾಗೆ.

ಇನ್ನು ಶಿಕ್ಷಣ. ಕಂಪ್ಯೂಟರ್ ಇದ್ದರೆ ಮಗು ತಾನೇ ಕಲಿಯುತ್ತದೆ ಎಂಬ ನಂಬಿಕೆ ಆರೋಗ್ಯವಾಗಿರುವ ಮಕ್ಕಳ ವಿಷಯದಲ್ಲೇ ನಿಂತಿಲ್ಲ. ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಅಂತರರಾಷ್ಟ್ರೀಯ ಯೋಜನೆಯನ್ನು ಪೆರು ದೇಶ ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿತು. ಅಲ್ಲಿನ 319 ಗ್ರಾಮೀಣ ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಹೊರಬಂತು. ಲ್ಯಾಪ್‌ಟಾಪ್ ಬಳಕೆ ಏರಿತ್ತು, ತರ್ಕಶಕ್ತಿಯ ಪರೀಕ್ಷೆಗಳಲ್ಲಿ ಅಷ್ಟಿಷ್ಟು ಸುಧಾರಣೆ ಕಂಡಿತ್ತು. ಭಾಷೆ, ಗಣಿತಗಳ ಅಂಕಗಳಲ್ಲಿ ಮಾತ್ರ ಏನೂ ವ್ಯತ್ಯಾಸವಿರಲಿಲ್ಲ. ಕರ್ನಾಟಕದ ಅನುಭವ ಇನ್ನೂ ಹತ್ತಿರದ್ದು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ತನ್ನ ಮೊದಲ ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗಾಗಿ ಕಂಪ್ಯೂಟರ್ ಆಧಾರಿತ ಕಲಿಕೆಯ ಸಿ.ಡಿ.ಗಳನ್ನು ರಾಶಿರಾಶಿಯಾಗಿ ತಯಾರಿಸಿತ್ತು. ಅದರ ಫಲವನ್ನು ತೂಗಿ ನೋಡಿದ ಮೇಲೆ ಪ್ರತಿಷ್ಠಾನದ ಅಂದಿನ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ 2010ರಲ್ಲಿ, ಶಿಕ್ಷಣದ ನಿಜವಾದ ಸಮಸ್ಯೆಗಳಿಂದ ತಂತ್ರಜ್ಞಾನದ ಮೋಹ ಗಮನ ಬೇರೆಡೆಗೆ ಸೆಳೆಯುತ್ತದೆ ಎಂದು ಬಹಿರಂಗವಾಗಿ ಬರೆದರು. ಕಂಪ್ಯೂಟರ್ ಉದ್ಯಮದ ಸಂಪತ್ತಿನಿಂದಲೇ ಹುಟ್ಟಿದ ಸಂಸ್ಥೆಯೊಂದು ಈ ತೀರ್ಮಾನಕ್ಕೆ ಬಂದು, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಶಿಕ್ಷಕರ ಜೊತೆಗಿನ ಕೆಲಸಕ್ಕೆ ಒತ್ತು ಕೊಟ್ಟಿತು. ಶಾಲೆಯಲ್ಲಿ ಕೈಬಿಟ್ಟ ನಂಬಿಕೆಯನ್ನು ವಾರ್ಡಿನಲ್ಲಿ ಮತ್ತೆ ಹೂಡುವುದಕ್ಕೆ ಕಾರಣವೇ ಇಲ್ಲ.

ಕಾಯಿಲೆಯ ಮಗುವಿನ ಕಲಿಕೆಯ ತೊಡಕೂ ಬೇರೆ ಬಗೆಯದು. ಥಲಸೇಮಿಯಾದ ಮಗುವಿಗೆ ಪಾಠಗಳ ಕೊರತೆಯಿಲ್ಲ. ತರಗತಿಯ ಎಳೆ ಪದೇ ಪದೇ ಕಡಿಯುವುದೇ ಅದರ ತೊಂದರೆ. ಹಿಂದಿನ ವಾರ ಭಾಗಾಕಾರ ಶುರುವಾಗಿದ್ದು ಅದಕ್ಕೆ ಗೊತ್ತಿಲ್ಲ, ಈ ವಾರದ ಲೆಕ್ಕ ಅರ್ಥವಾಗುವುದಿಲ್ಲ, ಮುಂದಿನ ವಾರ ಮತ್ತೆ ದವಾಖಾನೆ. ಪರದೆಯ ಮೇಲೆ ಸಾವಿರ ಪಾಠಗಳಿರಬಹುದು. ಈ ಮಗು ಎಲ್ಲಿ ನಿಂತಿದೆ, ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದನ್ನು ಅದರ ಶಾಲೆಯ ಶಿಕ್ಷಕರನ್ನು ಕೇಳಿ ತಿಳಿಯುವವರು ಯಾರು? ಭಾಷೆಯದೂ ಒಂದು ಗಂಟು. ಆಳಂದದ ಗಡಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿವೆ. ಕನ್ನಡ ಶಾಲೆಯ ಮಗು ಸೊಲ್ಲಾಪುರದ ವಾರ್ಡಿನಲ್ಲಿರಬಹುದು, ಉರ್ದು ಶಾಲೆಯ ಮಗು ಬೆಂಗಳೂರಿನಲ್ಲಿರಬಹುದು. ದಾನವಾಗಿ ಬಂದ ಕಂಪ್ಯೂಟರಿನೊಳಗಿನ ಕಲಿಕಾ ಆಟ ಇಂಗ್ಲಿಷಿನದಾಗಿದ್ದರೆ ಮೂರೂ ಮಾಧ್ಯಮದವರಿಗೆ ಅದು ಪರಕೀಯವೇ.

ಯಂತ್ರ ವಾರ್ಡಿನಲ್ಲಿ ಹೇಗೆ ಬಾಳುತ್ತದೆ ಎಂಬುದು ಮುಂದಿನ ಪ್ರಶ್ನೆ. ಮೇಜಿನ ಮೇಲಿನ ಕಂಪ್ಯೂಟರ್ ಬಳಸಲು ಮಗು ಎದ್ದು ಬರಬೇಕು. ಸಲೈನ್ ಹತ್ತಿದ ಮಗು ಏಳುವಂತಿಲ್ಲ. ಚಿಕ್ಕ ಮಕ್ಕಳ ಕೈಗೆ ಸೂಜಿ ಕೂರಿಸಿದ ಮೇಲೆ ಅಲುಗದಿರಲೆಂದು ರಟ್ಟು ಇಟ್ಟು ಪಟ್ಟಿ ಸುತ್ತುತ್ತಾರೆ. ಅದು ಬಲಗೈಯಾದರೆ ಮೌಸ್ ಹಿಡಿಯುವುದು ಮುಗಿದ ಮಾತು. ಹಾಸಿಗೆಯ ಬಳಿಗೆ ಟ್ಯಾಬ್ಲೆಟ್ ತಂದರೆ ಸೋಂಕಿನ ಪ್ರಶ್ನೆ. ಹಲವು ಕೈಗಳು ಮುಟ್ಟುವ ಕೀಬೋರ್ಡು, ಪರದೆಗಳು ಆಸ್ಪತ್ರೆಯ ರೋಗಾಣುಗಳಿಗೆ ಆಶ್ರಯವೆಂಬುದು ಚೆನ್ನಾಗಿ ದಾಖಲಾದ ಸಂಗತಿ. ಕಿಮೋ ಪಡೆದು ಬಿಳಿರಕ್ತಕಣ ಕುಸಿದ ಮಗುವಿಗೆ ಪಕ್ಕದ ಮಗು ಕೆಮ್ಮಿದ ಪರದೆ ಸಣ್ಣ ಅಪಾಯವಲ್ಲ. ಪ್ರತಿ ಮಗುವಿನ ನಂತರ ಅದನ್ನು ಒರೆಸಬೇಕು, ಅದಕ್ಕೂ ಒಬ್ಬರು ಬೇಕು. ಇರುವ ನರ್ಸ್‌ಗಳಿಗೆ ಔಷಧಿಯ ಹೊತ್ತು ತಪ್ಪದಂತೆ ನೋಡಿಕೊಳ್ಳುವುದರಲ್ಲೇ ಪಾಳಿ ಮುಗಿಯುತ್ತದೆ.

ಇದರ ಮೇಲೆ ಸ್ಟಾಕ್ ಪುಸ್ತಕ. ದಾನವಾಗಿ ಬಂದ ವಸ್ತುವೂ ಸರ್ಕಾರಿ ಆಸ್ಪತ್ರೆಯಲ್ಲಿ ಆಸ್ತಿಯಾಗಿ ದಾಖಲಾಗುತ್ತದೆ, ಯಾರದೋ ಒಬ್ಬರ ಜವಾಬ್ದಾರಿಗೆ ಸೇರುತ್ತದೆ. ಕಳೆದರೆ, ಮುರಿದರೆ ಅವರೇ ಉತ್ತರ ಕೊಡಬೇಕು. ಹೀಗಿರುವಾಗ ಅದನ್ನು ಮಕ್ಕಳ ಕೈಗೆ ಕೊಡುವುದಕ್ಕಿಂತ ಬೀರುವಿನಲ್ಲಿಟ್ಟು ಬೀಗ ಹಾಕುವುದು ಕ್ಷೇಮ. ಅದನ್ನು ಉದಾಸೀನ ಎನ್ನಲಾಗದು. ಹೊಣೆ ಹೊತ್ತವರು ಯಾರಾದರೂ ಮಾಡುವುದು ಅದನ್ನೇ. ವೈದ್ಯಕೀಯ ಉಪಕರಣಗಳ ದಾನದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಅಂದಾಜಿನಂತೆ, ಕೆಲವು ದೇಶಗಳಲ್ಲಿ ದಾನವಾಗಿ ಬಂದವುಗಳ ಪೈಕಿ ಬಳಕೆಗೆ ಬರುವುದು ಶೇ 10ರಿಂದ 30 ಮಾತ್ರ. ಬಿಡಿಭಾಗ, ದುರಸ್ತಿ, ತರಬೇತಿ ಇಲ್ಲದ್ದೇ ಕಾರಣ. ವೈದ್ಯರೇ ಬಳಸುವ ಉಪಕರಣದ ಗತಿ ಇದಾದರೆ, ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲದ ಮಕ್ಕಳ ಕಂಪ್ಯೂಟರಿನ ಗತಿ ಊಹಿಸಬಹುದು. ಬಳಸಿದ ಕಂಪ್ಯೂಟರ್‌ಗಳನ್ನು ಕೊಡುವ ದಾನದಲ್ಲಿ ಇನ್ನೊಂದು ಕೊಂಕಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿತು; ಹೊಸ ಆವೃತ್ತಿಗೆ ಒಗ್ಗದ ಎಷ್ಟೋ ಯಂತ್ರಗಳು ಕಚೇರಿಗಳಿಂದ ಹೊರಬೀಳುವ ಕಾಲವಿದು. ಇ-ತ್ಯಾಜ್ಯ ನಿಯಮಗಳ ಪ್ರಕಾರ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕಾದ ಹೊರೆ, ದಾನದ ಹೆಸರಿನಲ್ಲಿ ಆಸ್ಪತ್ರೆಯ ಹೆಗಲಿಗೆ ದಾಟದಂತೆ ನೋಡಿಕೊಳ್ಳಬೇಕಾಗುತ್ತದೆ.

ಹಣದ ಲೆಕ್ಕವೂ ದಾನದ ಪರವಾಗಿಲ್ಲ. ಒಂದು ಸಾಧಾರಣ ಕಂಪ್ಯೂಟರಿಗೆ 40 ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ಹತ್ತಕ್ಕೆ 4 ಲಕ್ಷ. ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12 ಸಾವಿರದ ಆಸುಪಾಸು. ಆ 4 ಲಕ್ಷದಲ್ಲಿ ಒಬ್ಬ ಶಿಕ್ಷಕಿಯನ್ನು 33 ತಿಂಗಳು ವಾರ್ಡಿನಲ್ಲಿ ಇಡಬಹುದು. ಆ ಗೌರವಧನವೇ ನಾಚಿಕೆಗೇಡಿನಷ್ಟು ಕಡಿಮೆ. ಅದನ್ನು ದುಪ್ಪಟ್ಟು ಮಾಡಿದರೂ ಒಂದು ವರ್ಷ ನಾಲ್ಕು ತಿಂಗಳು ದಾಟುತ್ತದೆ. ಸಿ.ಎಸ್.ಆರ್. ಹಣದಿಂದ ಸಂಬಳ ಕೊಡುವಂತಿಲ್ಲ ಎಂಬ ಸಮಜಾಯಿಷಿ ಆಗಾಗ ಕೇಳಿಬರುತ್ತದೆ. ನಿಯಮದಲ್ಲಿ ಹಾಗಿಲ್ಲ. ಶೇ 5ರ ಮಿತಿ ಇರುವುದು ಕಂಪನಿಯ ಆಡಳಿತ ವೆಚ್ಚಕ್ಕೆ. ಯೋಜನೆಯನ್ನು ನೇರವಾಗಿ ನಡೆಸುವ ಖರ್ಚು ಅದರಲ್ಲಿ ಸೇರುವುದಿಲ್ಲ. ಆರಂಭದ ವರ್ಷವಲ್ಲದೆ ಮುಂದಿನ ಮೂರು ವರ್ಷ ನಡೆಯುವ ಯೋಜನೆಗೂ ಅವಕಾಶವಿದೆ. ಅಡ್ಡಿಯಿರುವುದು ಬೇರೆ ಕಡೆ. ಯಂತ್ರಕ್ಕೆ ಹೆಸರು ಬರೆಸಬಹುದು, ಹಸ್ತಾಂತರದ ಫೋಟೊ ತೆಗೆಸಬಹುದು, ಒಂದೇ ದಿನದಲ್ಲಿ ಮುಗಿಸಬಹುದು. ಶಿಕ್ಷಕಿಗೆ ಪ್ರತಿ ತಿಂಗಳು ಹಣ ಕಳಿಸುತ್ತಿರಬೇಕು, ಕಳಿಸಿದ್ದಕ್ಕೆ ಫೋಟೊ ಇರುವುದಿಲ್ಲ.

ಈ ಖಂಡನೆಗೆ ಎದುರಾಗುವ ಆಕ್ಷೇಪಗಳಲ್ಲಿ ತೂಕವುಳ್ಳವು ಮೂರು. ಮೊದಲನೆಯದು, ಏನೂ ಇಲ್ಲದಿರುವುದಕ್ಕಿಂತ ಇದಾದರೂ ಇರಲಿ ಎಂಬುದು. ಯಂತ್ರ ಬಂದ ಮೇಲೆ ವಾರ್ಡು ‘ಏನೂ ಇಲ್ಲದ್ದು’ ಆಗಿ ಉಳಿಯುವುದಿಲ್ಲ, ಕಾಗದದ ಮೇಲೆ ಸೌಲಭ್ಯವಿರುವ ವಾರ್ಡಾಗುತ್ತದೆ. ಮಕ್ಕಳ ಆಟ, ಪಾಠಕ್ಕೆ ಏನು ಮಾಡಿದ್ದೀರಿ ಎಂದು ಕೇಳಿದರೆ ತೋರಿಸಲು ಒಂದು ಕೋಣೆ ಇರುತ್ತದೆ. ಬೇಡಿಕೆ ಸಾಯುವುದು ಹೀಗೆ.

ಎರಡನೆಯದು ಪ್ರಾದೇಶಿಕ ನ್ಯಾಯದ ಆಕ್ಷೇಪ: ಹಿಂದುಳಿದ ಸೀಮೆಯ ಮಕ್ಕಳಿಗೆ ಆಧುನಿಕ ಸಲಕರಣೆ ಬೇಡವೆನ್ನುವುದು ಇನ್ನೊಂದು ಬಗೆಯ ವಂಚನೆ. ಈ ಮಾತಿನ ನೋವು ನಿಜ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. ಆದರೆ ಆ ಸಮಿತಿ ಹಿಂದುಳಿದಿರುವಿಕೆಯನ್ನು ಅಳೆದ 35 ಸೂಚಕಗಳಲ್ಲಿ ವೈದ್ಯರ ಸಂಖ್ಯೆ, ಆಸ್ಪತ್ರೆಯ ಹಾಸಿಗೆ, ಶಿಕ್ಷಕ–ವಿದ್ಯಾರ್ಥಿ ಅನುಪಾತ, ಶಾಲೆಯಿಂದ ಹೊರಗುಳಿದ ಮಕ್ಕಳು ಮುಂತಾದವು ಸೇರಿವೆ. ಕೊರತೆಯಿರುವುದು ಮನುಷ್ಯರದು. ಈ ಸೀಮೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ನಡೆದ ಹೋರಾಟದ ತಿರುಳೂ ಹುದ್ದೆ ಮತ್ತು ಸೀಟುಗಳೇ. ಮನುಷ್ಯರು ಬೇಕೆಂದ ಸೀಮೆಗೆ ಯಂತ್ರ ಕೊಟ್ಟು ಸಮಾಧಾನ ಹೇಳುವುದೇ ನಿಜವಾದ ವಂಚನೆ.

ಮೂರನೆಯದು, ಶಾಲೆಗಳಿಗೇ ಶಿಕ್ಷಕರಿಲ್ಲ, ವಾರ್ಡಿಗೆ ಎಲ್ಲಿಂದ ತರುವುದು ಎಂಬುದು. ಇದಕ್ಕೆ ಉತ್ತರ ರಾಜ್ಯದ ವ್ಯವಸ್ಥೆಯೊಳಗೇ ಇದೆ. ಅಂಗವಿಕಲ ಮಕ್ಕಳ ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣಕ್ಕಾಗಿ ಸಮಗ್ರ ಶಿಕ್ಷಣದಡಿ ತಾಲ್ಲೂಕು ಮಟ್ಟದಲ್ಲಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಥಲಸೇಮಿಯಾ, ಹಿಮೋಫಿಲಿಯಾ, ಕುಡಗೋಲು ರಕ್ತಕಣ ಕಾಯಿಲೆ ಮೂರೂ ಸೇರಿವೆ. ಮನೆಯ ಬಾಗಿಲಿಗೆ ಹೋಗುವ ಶಿಕ್ಷಕರನ್ನು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡಿಗೂ ಸರದಿಯಂತೆ ಕಳಿಸಲು ಹೊಸ ಕಾಯ್ದೆ ಬೇಕಿಲ್ಲ. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಹೈಕೋರ್ಟ್ ತಾನಾಗಿ ಕೈಗೆತ್ತಿಕೊಂಡ ಪ್ರಕರಣದ ನಂತರ, ಸತತ 7 ದಿನ ಗೈರಾದ ಮಗುವನ್ನು ಹುಡುಕಿ ಹೋಗುವ ನಿಯಮ ರಾಜ್ಯದಲ್ಲಿದೆ. ಹುಡುಕಿದಾಗ ಮಗು ಆಸ್ಪತ್ರೆಯಲ್ಲಿದೆ ಎಂದು ತಿಳಿದರೆ ಮುಂದೇನು ಮಾಡಬೇಕೆಂಬುದು ಆ ನಿಯಮಕ್ಕೆ ಸೇರಬೇಕಾದ ಅಂಶ.

ವಾರ್ಡಿನ ಶಿಕ್ಷಕಿಯ ಕೈಗೆ ಕೊಡಬೇಕಾದ ಸಾಧನವನ್ನೂ ಕರ್ನಾಟಕ ಆಗಲೇ ರೂಪಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009ರಿಂದ ಇಡೀ ರಾಜ್ಯಕ್ಕೆ ಹಬ್ಬಿದ ನಲಿ-ಕಲಿ ಪದ್ಧತಿ ಪಾಠಗಳನ್ನು ಸಣ್ಣ ಮೈಲಿಗಲ್ಲುಗಳಾಗಿ ಒಡೆದು ಕಾರ್ಡುಗಳಲ್ಲಿಟ್ಟಿದೆ. ಗೋಡೆಯ ಕಲಿಕಾ ಏಣಿಯಲ್ಲಿ ಪ್ರತಿ ಮೆಟ್ಟಿಲಿಗೂ ಪ್ರಾಣಿ, ಪಕ್ಷಿಗಳಂಥ ಒಂದು ಗುರುತು. ಅದೇ ಗುರುತು ಕಾರ್ಡಿನ ಮೂಲೆಯಲ್ಲೂ ಇರುತ್ತದೆ. ಮಗು ತಾನಿರುವ ಮೆಟ್ಟಿಲಿನ ಗುರುತು ನೋಡಿ ಕಾರ್ಡು ಹುಡುಕಿಕೊಂಡು ಕೂರುತ್ತದೆ. ಹತ್ತು ದಿನ ತಪ್ಪಿಸಿಕೊಂಡು ಬಂದರೂ ತರಗತಿಯ ಹಿಂದೆ ಓಡಬೇಕಿಲ್ಲ, ಬಿಟ್ಟ ಮೆಟ್ಟಿಲಿನಿಂದ ಹತ್ತಬಹುದು. ಕೊಯ್ಲು, ಗುಳೆ, ಕಾಯಿಲೆಗಳಿಂದ ಪದೇ ಪದೇ ಗೈರಾಗುವ ಮಕ್ಕಳಿಗೆ ಇದಕ್ಕಿಂತ ಹೊಂದುವ ಏರ್ಪಾಡು ಸಿಗುವುದು ಕಷ್ಟ. ಕಾರ್ಡಿಗೆ ಕರೆಂಟು ಬೇಡ, ಹಾಸಿಗೆಯ ಮೇಲೆ ಎಡಗೈಯಲ್ಲೂ ಹಿಡಿಯಬಹುದು, ಪ್ಲಾಸ್ಟಿಕ್ ಹೊದಿಸಿದರೆ ಒರೆಸಬಹುದು. ಮೇಲಿನ ತರಗತಿಗಳಿಗೆ ಪಠ್ಯಪುಸ್ತಕ ಮತ್ತು ಶಾಲೆಯ ಶಿಕ್ಷಕರೊಡನೆ ಒಂದು ಫೋನು ಕರೆ ಆರಂಭಕ್ಕೆ ಸಾಕು.

ಶಿಕ್ಷಕರು ಮಗುವಿದ್ದಲ್ಲಿಗೆ ಹೋಗುವುದೂ ಹೊಸ ಸಂಗತಿಯಲ್ಲ. 2020ರಲ್ಲಿ ಕೋವಿಡ್ ಶಾಲೆಗಳನ್ನು ಮುಚ್ಚಿಸಿದಾಗ ರಾಜ್ಯ ‘ವಿದ್ಯಾಗಮ’ ತಂದಿತು. ಮಕ್ಕಳನ್ನು ಇಂಟರ್ನೆಟ್ ಇರುವವರು, ಬರೀ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ವಿಂಗಡಿಸಿ, ಗುಡಿಯ ಕಟ್ಟೆ, ಸಮುದಾಯ ಭವನಗಳಲ್ಲಿ ಶಿಕ್ಷಕರೇ ಹೋಗಿ ವಠಾರ ಶಾಲೆ ನಡೆಸಿದರು. ಪರದೆ ಎಲ್ಲರನ್ನೂ ತಲುಪುವುದಿಲ್ಲವೆಂದು ಇಲಾಖೆಯೇ ಅಂದು ಒಪ್ಪಿತ್ತು. ಬೆಂಗಳೂರಿನ ಕಿದ್ವಾಯಿಯಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ಸಮೀಕ್ಷಾ ಪ್ರತಿಷ್ಠಾನ ನಡೆಸಿಕೊಂಡು ಬಂದ ತರಗತಿಗಳೂ ಇದೇ ದಾರಿಯವು. ಅಲ್ಲಿನ ಕಲಿಕೆಯಲ್ಲಿ ಕಂಪ್ಯೂಟರಿಗೂ ಜಾಗವಿದೆ, ಆದರೆ ತರಗತಿ ನಿಂತಿರುವುದು ಕಲಿಸುವವರ ಮೇಲೆ.

ಹೀಗೆ ನೋಡಿದಾಗ ಕಂಪ್ಯೂಟರಿಗೆ ವಾರ್ಡಿನಲ್ಲಿ ನ್ಯಾಯವಾದ ಸ್ಥಾನ ಯಾವುದೆಂಬುದೂ ಸ್ಪಷ್ಟವಾಗುತ್ತದೆ. ನೋವಿನ ಚಿಕಿತ್ಸೆಯ ಹೊತ್ತಿನಲ್ಲಿ ನರ್ಸ್ ಅಥವಾ ಶಿಕ್ಷಕಿಯ ಕೈಯಲ್ಲಿರುವ ಒಂದೆರಡು ಟ್ಯಾಬ್ಲೆಟ್ ಉಪಯುಕ್ತ. ತಿಂಗಳುಗಟ್ಟಲೆ ದೂರವಿರುವ ಮಗು ತನ್ನದೇ ತರಗತಿಯ ಗೆಳೆಯರನ್ನು ಕಂಡು ಮಾತಾಡುವುದಕ್ಕೆ ಅದು ಇನ್ನೂ ಉಪಯುಕ್ತ. ಬೆಲ್ಜಿಯಂನಲ್ಲಿ ಬೆಡ್‌ನೆಟ್ ಎಂಬ ಸಂಸ್ಥೆ ಕಾಯಿಲೆಯ ಮಕ್ಕಳನ್ನು ಅವರವರ ತರಗತಿಗೇ ನೇರವಾಗಿ ಜೋಡಿಸುತ್ತದೆ. ಅಲ್ಲಿ ಫಲ ಸಿಗುವುದು ಪರದೆಯ ಆಚೆ ಮಗುವಿನ ಹೆಸರು ಬಲ್ಲ ಶಿಕ್ಷಕರು ಇರುವುದರಿಂದ.

ಆದ್ದರಿಂದ ಮಕ್ಕಳ ವಾರ್ಡಿಗೆ ಕೊಡಬಯಸುವ ದಾನಿಗೆ ಹಾಕಬೇಕಾದ ಷರತ್ತು ನಾಲ್ಕು. ಮೊದಲು ಕನಿಷ್ಠ ಮೂರು ವರ್ಷಕ್ಕೆ ಒಬ್ಬ ಶಿಕ್ಷಕಿ, ಪುನಶ್ಚೇತನ ಕೇಂದ್ರವಿದ್ದರೆ ಆಡಿಸುವ ಒಬ್ಬ ಸಹಾಯಕಿ. ಎರಡನೆಯದು ಆ ಸೀಮೆಯ ಶಾಲೆಗಳ ಮಾಧ್ಯಮಕ್ಕೆ ತಕ್ಕ ಪುಸ್ತಕ, ಕಾರ್ಡು, ಆಟಿಕೆ. ಮೂರನೆಯದು ಮಗು ಡಿಸ್ಚಾರ್ಜ್ ಆಗುವಾಗ ಔಷಧಿ ಚೀಟಿಯ ಜೊತೆ ಅದರ ಶಾಲೆಗೆ ಒಂದು ಕಲಿಕಾ ಚೀಟಿ, ಯಾವ ಮೆಟ್ಟಿಲಿನವರೆಗೆ ಬಂದಿದೆ ಎಂಬ ಎರಡು ಸಾಲು. ಈ ಮೂರೂ ಆದ ಮೇಲೆ ಶಿಕ್ಷಕಿಯೇ ಕೇಳಿದರೆ, ಕೇಳಿದಷ್ಟು ಕಂಪ್ಯೂಟರ್, ದುರಸ್ತಿಯ ಹಣದೊಂದಿಗೆ. ಈ ಕ್ರಮವನ್ನು ತಿರುವಿ ಕೊನೆಯದನ್ನು ಮೊದಲು ಕೊಡುವ ದಾನವನ್ನು ಆಸ್ಪತ್ರೆಗಳು ವಿನಯದಿಂದಲೇ ನಿರಾಕರಿಸಬೇಕು.